ನಿವೃತ್ತಿಯ ಹೊಸ್ತಿಲಲ್ಲಿ ಎನ್‌ಪಿಎಸ್‌ನ ‘ಆಟೋ ಚಾಯ್ಸ್’: ಬಳಕೆದಾರರೊಬ್ಬರ ವಿಮರ್ಶೆ

ಐವತ್ತೈದು ದಾಟಿದ ಸಂಬಳದಾರರು ಒಂದೆಡೆ ಸೇರಿದಾಗ ಮಾತು ಸುತ್ತಿ ಬಳಸಿ ಬರುವುದು ಒಂದೇ ಪ್ರಶ್ನೆಗೆ: ಇಷ್ಟು ವರ್ಷ ಷೇರು ಪೇಟೆಯಲ್ಲಿ ಬೆಳೆದ ಹಣವನ್ನು ಈಗ ಅಲ್ಲಿಯೇ ಬಿಡಬೇಕೇ, ಹೊರಗೆ ತೆಗೆಯಬೇಕೇ, ತೆಗೆಯುವುದಾದರೆ ಎಷ್ಟು ಮತ್ತು ಯಾವಾಗ? ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ನಾವೆಲ್ಲ ಎನ್‌ಪಿಎಸ್ ಎಂದು ಕರೆಯುವ ಯೋಜನೆ, ಈ ಪ್ರಶ್ನೆಗೆ ತನ್ನದೇ ಆದ ಸಿದ್ಧ ಉತ್ತರವನ್ನು ಇಟ್ಟುಕೊಂಡಿದೆ. ಚಂದಾದಾರರ ವಯಸ್ಸು ಏರಿದಂತೆ ಷೇರಿನ ಪಾಲನ್ನು ತಾನಾಗಿಯೇ ಇಳಿಸುತ್ತ, ಸಾಲಪತ್ರಗಳ (ಬಾಂಡ್‌ಗಳ) ಪಾಲನ್ನು ಏರಿಸುತ್ತ ಹೋಗುವ ‘ಆಟೋ ಚಾಯ್ಸ್’ ಎಂಬ ಆಯ್ಕೆಯೇ ಆ ಉತ್ತರ. ತುಮಕೂರಿನ ಖಾಸಗಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನಾನು ಕಂಪನಿಯ ಮೂಲಕ ಈ ವ್ಯವಸ್ಥೆಗೆ ಸೇರಿದವನು. ಈಗ ಅರವತ್ತು ಹತ್ತಿರವಾಗಿರುವುದರಿಂದ, ನನ್ನಂತೆಯೇ ಲೆಕ್ಕ ಹಾಕುತ್ತ ಕುಳಿತಿರುವವರಿಗಾಗಿ ಈ ಆಯ್ಕೆಯ ಗುಣದೋಷಗಳನ್ನು ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಶಿಸ್ತಿನ ವಿಚಾರದಲ್ಲಿ ಇದಕ್ಕೆ ಸಾಟಿಯಾದ ಬೇರೊಂದು ಸೌಲಭ್ಯ ಸಾಮಾನ್ಯ ಸಂಬಳದಾರರಿಗೆ ಸುಲಭವಾಗಿ ಸಿಗುವುದಿಲ್ಲ. ಆದರೆ ಇದರಲ್ಲಿರುವ ಹಂಚಿಕೆಯ ಮಾದರಿಗಳ ಪೈಕಿ ಮೊದಲ ಮೂರು ಷೇರಿನ ಪಾಲನ್ನು ಅತಿಯಾಗಿ ಇಳಿಸುತ್ತವೆ, ಮತ್ತು ನಿವೃತ್ತಿಯ ಬಳಿಕದ ಕೆಲಸವನ್ನು ಬಹುಮಟ್ಟಿಗೆ ನಮ್ಮ ಮೇಲೆಯೇ ಬಿಡುತ್ತವೆ.

ಈ ಯೋಜನೆ ಯಾವ ಅಪಾಯವನ್ನು ತಡೆಯಲು ಹುಟ್ಟಿದೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಷೇರು ಪೇಟೆ ಬೀಳುತ್ತದೆ, ಮತ್ತೆ ಏಳುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿರುತ್ತೇವೆ. 2008ರ ಜನವರಿಯಲ್ಲಿ 20,800 ದಾಟಿದ್ದ ಸೆನ್ಸೆಕ್ಸ್ 2009ರ ಮಾರ್ಚ್ 9ರಂದು 8,160ಕ್ಕೆ ಮುಕ್ತಾಯವಾಗಿ, 2010ರ ನವೆಂಬರ್ ಹೊತ್ತಿಗೆ ಹಳೆಯ ಎತ್ತರಕ್ಕೆ ಮರಳಿತು. 2020ರ ಮಾರ್ಚ್ 23ರ ಒಂದೇ ದಿನ ಶೇ. 13ಕ್ಕಿಂತ ಹೆಚ್ಚು ಕುಸಿದು 25,981ಕ್ಕೆ ಇಳಿದದ್ದು ಅದೇ ವರ್ಷದ ಕೊನೆಯೊಳಗೆ ಹೊಸ ದಾಖಲೆ ಬರೆಯಿತು. ಇನ್ನೂ ದುಡಿಯುತ್ತಿದ್ದು ತಿಂಗಳು ತಿಂಗಳು ಹಣ ಹಾಕುತ್ತಿದ್ದವರಿಗೆ ಈ ಎರಡೂ ಕುಸಿತಗಳು ಅಗ್ಗದಲ್ಲಿ ಕೊಳ್ಳುವ ಅವಕಾಶಗಳಾದವು. ಆದರೆ 2008ರಲ್ಲಿಯೇ ನಿವೃತ್ತರಾಗಿ, ಮನೆಖರ್ಚಿಗೆ ಪ್ರತಿ ತಿಂಗಳೂ ಷೇರು ಫಂಡ್‌ನ ಯೂನಿಟ್‌ಗಳನ್ನು ಮಾರಬೇಕಾಗಿದ್ದವರ ಸ್ಥಿತಿ ಬೇರೆ. ಕುಸಿದ ಬೆಲೆಗೆ ಮಾರಿಹೋದ ಯೂನಿಟ್ ಪೇಟೆ ಏಳುವಾಗ ಕೈಯಲ್ಲಿ ಇರುವುದಿಲ್ಲ. ಅಲ್ಲದೆ, ಪೇಟೆ ಎರಡು ಮೂರು ವರ್ಷದಲ್ಲಿಯೇ ಏಳಬೇಕೆಂಬ ಕರಾರು ಎಲ್ಲಿಯೂ ಇಲ್ಲ: ಜಪಾನಿನ ನಿಕ್ಕೈ ಸೂಚ್ಯಂಕ 1989ರ ಡಿಸೆಂಬರ್‌ನಲ್ಲಿ ಮುಟ್ಟಿದ ಎತ್ತರವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ.

ಲೆಕ್ಕ ಹಾಕಿ ನೋಡಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಒಬ್ಬರ ಬಳಿ 1 ಕೋಟಿ ರೂಪಾಯಿ ಇದೆ, ವರ್ಷದ ಆರಂಭದಲ್ಲಿ ಖರ್ಚಿಗೆಂದು 6 ಲಕ್ಷ ತೆಗೆಯುತ್ತಾರೆ, ಇಡೀ ಹಣ ಷೇರಿನಲ್ಲಿದೆ ಎಂದುಕೊಳ್ಳೋಣ. ಮೊದಲ ವರ್ಷ ಪೇಟೆ ಅರ್ಧಕ್ಕೆ ಇಳಿದರೆ ಉಳಿದ 94 ಲಕ್ಷ 47 ಲಕ್ಷವಾಗುತ್ತದೆ. ಎರಡನೆಯ ವರ್ಷ ಮತ್ತೆ 6 ಲಕ್ಷ ತೆಗೆದ ಮೇಲೆ ಉಳಿಯುವ 41 ಲಕ್ಷ, ಪೇಟೆ ಎರಡು ಪಟ್ಟಾಗಿ ಹಳೆಯ ಮಟ್ಟಕ್ಕೆ ಬಂದರೂ 82 ಲಕ್ಷ ಮಾತ್ರ. ಸೂಚ್ಯಂಕ ಪೂರ್ತಿ ಚೇತರಿಸಿಕೊಂಡಿದೆ, ನಿವೃತ್ತರ ಗಂಟು ಚೇತರಿಸಿಕೊಂಡಿಲ್ಲ. ಅದೇ ವ್ಯಕ್ತಿ 35 ಲಕ್ಷವನ್ನು ಮಾತ್ರ ಷೇರಿನಲ್ಲಿಟ್ಟು, ಶೇ. 7ರಷ್ಟು ಗಳಿಸುವ ಸಾಲಪತ್ರಗಳಲ್ಲಿ 65 ಲಕ್ಷ ಇಟ್ಟು, ಎರಡೂ ವರ್ಷ ಖರ್ಚಿನ ಹಣವನ್ನು ಈ ಎರಡನೆಯ ಭಾಗದಿಂದಲೇ ತೆಗೆದಿದ್ದರೆ, ಅದೇ ಕುಸಿತ, ಅದೇ ಚೇತರಿಕೆಯ ನಂತರ ಅವರಲ್ಲಿ ಸುಮಾರು 96 ಲಕ್ಷ ಉಳಿಯುತ್ತಿತ್ತು. ನಿವೃತ್ತಿಗೆ ಹಿಂದಿನ ನಾಲ್ಕೈದು ವರ್ಷ ಮತ್ತು ಮುಂದಿನ ನಾಲ್ಕೈದು ವರ್ಷಗಳಲ್ಲಿ ಪೇಟೆ ಹೇಗೆ ನಡೆಯುತ್ತದೆ ಎಂಬುದು ಉಳಿದೆಲ್ಲ ವರ್ಷಗಳಿಗಿಂತ ಹೆಚ್ಚು ಮುಖ್ಯವಾಗುವುದು ಇದೇ ಕಾರಣಕ್ಕೆ.

ಆಟೋ ಚಾಯ್ಸ್ ಈ ಅವಧಿಗೆ ನಮ್ಮನ್ನು ಸಿದ್ಧಪಡಿಸುವ ಬಗೆ ಹೀಗಿದೆ. ನಮ್ಮ ಹಣವನ್ನು ಷೇರು, ಕಂಪನಿಗಳ ಸಾಲಪತ್ರ, ಸರ್ಕಾರಿ ಸಾಲಪತ್ರ ಎಂಬ ಮೂರು ಸ್ಕೀಮ್‌ಗಳಲ್ಲಿ ಹಂಚುತ್ತಾರೆ. ಖಾತೆಯ ವಿವರಗಳಲ್ಲಿ ಇವು ಇ, ಸಿ, ಜಿ ಎಂಬ ಅಕ್ಷರಗಳಲ್ಲಿ ಕಾಣಿಸುತ್ತವೆ. ಎಲ್‌ಸಿ50 (ಎಲ್‌ಸಿ ಎಂದರೆ ಲೈಫ್ ಸೈಕಲ್, ಸಂಖ್ಯೆ ಷೇರಿನ ಆರಂಭದ ಪಾಲು) ಎಂಬ ಮಧ್ಯಮ ಮಾದರಿಯಲ್ಲಿ 35ನೆಯ ವಯಸ್ಸಿನವರೆಗೆ ಷೇರಿನ ಪಾಲು ಶೇ. 50 ಇದ್ದು, ಆನಂತರ ವರ್ಷಕ್ಕೆ ಎರಡರಂತೆ ಇಳಿದು 55ಕ್ಕೆ ಶೇ. 10ಕ್ಕೆ ಬಂದು ನಿಲ್ಲುತ್ತದೆ. ಆ ಹೊತ್ತಿಗೆ ಸರ್ಕಾರಿ ಸಾಲಪತ್ರಗಳ ಪಾಲು ಶೇ. 80 ಆಗಿರುತ್ತದೆ. ಎಲ್‌ಸಿ75ರಲ್ಲಿ ಷೇರು ಶೇ. 75ರಿಂದ ಆರಂಭವಾಗಿ 55ಕ್ಕೆ ಶೇ. 15ಕ್ಕೂ, ಎಲ್‌ಸಿ25ರಲ್ಲಿ ಶೇ. 25ರಿಂದ ಶೇ. 5ಕ್ಕೂ ಇಳಿಯುತ್ತದೆ. ಈ ಮರುಹೊಂದಾಣಿಕೆ ನಡೆಯುವುದು ಚಂದಾದಾರರ ಹುಟ್ಟಿದ ದಿನಾಂಕಕ್ಕೆ. ನಾವು ಅರ್ಜಿ ಹಾಕಬೇಕಿಲ್ಲ, ಸಹಿ ಮಾಡಬೇಕಿಲ್ಲ, ಪೇಟೆ ನೋಡಬೇಕಿಲ್ಲ.

ಹುಟ್ಟುಹಬ್ಬದ ಮರುವಾರ ಖಾತೆಯ ವಹಿವಾಟು ಪಟ್ಟಿಯನ್ನು ತೆರೆದು ನೋಡುವುದು ನನಗೆ ಅಭ್ಯಾಸವಾಗಿದೆ. ತಿಂಗಳ ವಂತಿಗೆಯ ಸಾಲುಗಳ ನಡುವೆ, ಯಾವ ವಂತಿಗೆಗೂ ಸೇರದ ಕೆಲವು ಸಾಲುಗಳು ಅಲ್ಲಿ ಕಾಣಿಸುತ್ತವೆ: ಒಂದು ಸ್ಕೀಮ್‌ನಿಂದ ಇಷ್ಟು ಯೂನಿಟ್ ಕಳೆಯಲಾಗಿದೆ, ಇನ್ನೊಂದಕ್ಕೆ ಇಷ್ಟು ಕೂಡಿಸಲಾಗಿದೆ, ಪ್ರತಿಯೊಂದರ ಮುಂದೆ ನಾಲ್ಕು ದಶಮಾಂಶ ಸ್ಥಾನಗಳವರೆಗೆ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಆ ದಿನದ ಬೆಲೆ. ಪೇಟೆ ಏರಿದ ವರ್ಷಗಳಲ್ಲಿ ಷೇರಿನ ಸ್ಕೀಮ್‌ನಿಂದ ದೊಡ್ಡ ಮೊತ್ತ ಹೊರಬಿದ್ದಿರುತ್ತದೆ. ಆದರೆ ಈ ವ್ಯವಸ್ಥೆ ಯಾವಾಗಲೂ ಷೇರನ್ನು ಮಾರುತ್ತಲೇ ಹೋಗುತ್ತದೆ ಎಂದು ತಿಳಿದವರಿದ್ದಾರೆ, ಅದು ಸರಿಯಲ್ಲ. ಅದು ಕಾಪಾಡುವುದು ಪಾಲನ್ನು. 2020ರ ಮಾರ್ಚ್ ಕೊನೆಯ ವಾರದಲ್ಲಿ 53 ತುಂಬಿದ, ಎಲ್‌ಸಿ75ರಲ್ಲಿದ್ದ ಒಬ್ಬ ಚಂದಾದಾರರನ್ನು ಊಹಿಸಿಕೊಳ್ಳಿ. ಹಿಂದಿನ ವರ್ಷ ಶೇ. 18ಕ್ಕೆ ಹೊಂದಿಸಿದ್ದ ಅವರ ಷೇರಿನ ಪಾಲು ಆ ಕುಸಿತದಲ್ಲಿ ಶೇ. 12ರ ಆಸುಪಾಸಿಗೆ ಇಳಿದಿರುತ್ತಿತ್ತು. ಹೊಸ ವಯಸ್ಸಿನ ಗುರಿ ಶೇ. 17. ಆದ್ದರಿಂದ ಸಾಲಪತ್ರಗಳನ್ನು ಮಾರಿ ಷೇರು ಕೊಳ್ಳುವುದೇ ಆ ದಿನ ವ್ಯವಸ್ಥೆ ಮಾಡಬೇಕಾಗಿದ್ದ ಕೆಲಸ. ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ವಾರದಲ್ಲಿ ನಿವೃತ್ತಿಗೆ ಏಳು ವರ್ಷ ಉಳಿದಿದ್ದ ಎಷ್ಟು ಜನ ಧೈರ್ಯ ಮಾಡಿ ಷೇರು ಕೊಳ್ಳುತ್ತಿದ್ದರು? ನನ್ನ ಸಹೋದ್ಯೋಗಿಗಳಲ್ಲಿ ಹಲವರು ತಮ್ಮ ಮ್ಯೂಚುವಲ್ ಫಂಡ್‌ಗಳನ್ನು ಆಗಲೇ ಮಾರಿ ಹೊರಬಂದರು. ಭಯವೂ ಆಸೆಯೂ ಇಲ್ಲದ ಒಂದು ವೇಳಾಪಟ್ಟಿಗೆ ಬೆಲೆ ಬರುವುದು ಇಂತಹ ದಿನಗಳಲ್ಲಿ.

ಇದರ ಜೊತೆಗೆ ಎರಡು ಲಾಭಗಳಿವೆ. ಮೊದಲನೆಯದು ತೆರಿಗೆ. ನಮ್ಮ ಡಿಮ್ಯಾಟ್ ಖಾತೆಯ ಷೇರು ಅಥವಾ ಈಕ್ವಿಟಿ ಫಂಡ್‌ಗಳನ್ನು ನಾವೇ ಮಾರಿ ಠೇವಣಿಗೆ ಹಾಕಿದರೆ, ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ದೀರ್ಘಾವಧಿ ಲಾಭಕ್ಕೆ ಶೇ. 12.5ರ ತೆರಿಗೆ ಕಟ್ಟಬೇಕು. 2024ರ ಜುಲೈ 23ರಿಂದ ಈ ದರ ಜಾರಿಯಲ್ಲಿದೆ. ಎನ್‌ಪಿಎಸ್ ಒಳಗೆ ಒಂದು ಸ್ಕೀಮ್‌ನಿಂದ ಇನ್ನೊಂದಕ್ಕೆ ಹಣ ಸರಿದಾಗ ಅಂತಹ ತೆರಿಗೆ ಇಲ್ಲ. ಇಪ್ಪತ್ತು ಮೂವತ್ತು ವರ್ಷ ಬೆಳೆದ ಲಾಭವನ್ನು ನಿವೃತ್ತಿಯ ಸಮೀಪ ಷೇರಿನಿಂದ ಹೊರತರಬೇಕಾದವರಿಗೆ ಇದು ದೊಡ್ಡ ಅನುಕೂಲ. ಎರಡನೆಯದು ವೆಚ್ಚ: ಹಣ ನಿರ್ವಹಣೆಯ ಶುಲ್ಕ ವರ್ಷಕ್ಕೆ ನೂರು ರೂಪಾಯಿಗೆ ಹತ್ತು ಪೈಸೆಯ ಆಸುಪಾಸಿನಲ್ಲಿದೆ. ಸಕ್ರಿಯವಾಗಿ ನಿರ್ವಹಿಸುವ ಮ್ಯೂಚುವಲ್ ಫಂಡ್‌ಗಳ ವೆಚ್ಚದೊಡನೆ ಇದನ್ನು ಹೋಲಿಸಿದವರಿಗೆ ವ್ಯತ್ಯಾಸ ತಾನಾಗಿ ಕಾಣುತ್ತದೆ.

ಇನ್ನು ದೋಷಗಳಿಗೆ ಬರುತ್ತೇನೆ. ಮೂರು ಮಾದರಿಗಳಲ್ಲಿ ಯಾವುದನ್ನು ಆರಿಸಬೇಕೆಂದು ಜನ ತಿಂಗಳುಗಟ್ಟಲೆ ಯೋಚಿಸುತ್ತಾರೆ. ಆದರೆ 55ರ ನಂತರ ಅವುಗಳ ಷೇರಿನ ಪಾಲು ಶೇ. 15, 10 ಮತ್ತು 5. ಮೂರೂ ಹೆಚ್ಚುಕಡಿಮೆ ಒಂದೇ. ಅರವತ್ತಕ್ಕೆ ನಿವೃತ್ತರಾದವರು ಎಂಬತ್ತೈದರವರೆಗೆ ಬದುಕುತ್ತಾರೆಂದು ಲೆಕ್ಕ ಹಾಕುವುದು ಈಗ ಅತಿಯಲ್ಲ. ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಇಂದು ತಿಂಗಳಿಗೆ 50 ಸಾವಿರದಲ್ಲಿ ನಡೆಯುವ ಮನೆಗೆ ಹನ್ನೆರಡು ವರ್ಷದ ನಂತರ 1 ಲಕ್ಷ ಬೇಕು, ಇಪ್ಪತ್ತನಾಲ್ಕು ವರ್ಷದ ನಂತರ 2 ಲಕ್ಷ ಬೇಕು. ಆಸ್ಪತ್ರೆಯ ಬಿಲ್ಲಂತೂ ಈ ಲೆಕ್ಕವನ್ನೂ ಮೀರುತ್ತದೆ. ಶೇ. 10 ಷೇರು ಇರುವ ಗಂಟು ಪೇಟೆಯ ಕುಸಿತವನ್ನು ಲೀಲಾಜಾಲವಾಗಿ ತಡೆದುಕೊಂಡೀತು, ಆದರೆ ಬೆಲೆ ಏರಿಕೆಯ ಎದುರು ಇಪ್ಪತ್ತೈದು ವರ್ಷ ನಿಲ್ಲುವುದು ಕಷ್ಟ. ಒಂದು ಅಪಾಯ ಎಲ್ಲರ ಕಣ್ಣಿಗೂ ಕಾಣುವಂತೆ ಒಂದೇ ದಿನದಲ್ಲಿ ಬರುತ್ತದೆ, ಇನ್ನೊಂದು ಪ್ರತಿ ತಿಂಗಳ ದಿನಸಿ ಚೀಟಿಯಲ್ಲಿ ಸ್ವಲ್ಪಸ್ವಲ್ಪವಾಗಿ ಬರುತ್ತದೆ. ಈ ಮಾದರಿಗಳನ್ನು ರೂಪಿಸಿದವರು ಮೊದಲನೆಯದಕ್ಕೆ ಕೊಟ್ಟ ಗಮನವನ್ನು ಎರಡನೆಯದಕ್ಕೆ ಕೊಟ್ಟಿಲ್ಲ ಎಂಬುದು ನನ್ನ ಆಕ್ಷೇಪ.

ಸರ್ಕಾರಿ ಸಾಲಪತ್ರಗಳ ಸ್ಕೀಮ್ ಅನ್ನು ಬ್ಯಾಂಕ್ ಠೇವಣಿಯಂತೆ ಭಾವಿಸಬಾರದು ಎಂಬ ಮಾತನ್ನೂ ಇಲ್ಲಿಯೇ ಸೇರಿಸಬೇಕು. ಸರ್ಕಾರ ಸಾಲ ತೀರಿಸದೆ ಹೋಗುತ್ತದೆಂಬ ಭಯವಿಲ್ಲ, ನಿಜ. ಆದರೆ ಆ ಸ್ಕೀಮ್‌ನಲ್ಲಿರುವುದು ಬಹುಪಾಲು ದೀರ್ಘಾವಧಿಯ ಪತ್ರಗಳು. ಬಡ್ಡಿ ದರ ಏರಿದಾಗ ಹಳೆಯ ಪತ್ರಗಳ ಬೆಲೆ ಇಳಿಯುತ್ತದೆ, ಅದರೊಡನೆ ಎನ್‌ಎವಿಯೂ ಇಳಿಯುತ್ತದೆ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯಾದ ರೆಪೊ ದರವನ್ನು ಶೇ. 4ರಿಂದ 6.5ಕ್ಕೆ ಏರಿಸಿದಾಗ, ಷೇರಿಗೆ ಹೆದರಿ ಇಲ್ಲಿ ಹಣ ಇಟ್ಟಿದ್ದವರು ಈ ಪಾಠವನ್ನು ಕಂಡರು. ನಿವೃತ್ತಿಯ ಮೊದಲ ಎರಡು ಮೂರು ವರ್ಷಗಳ ಖರ್ಚಿನ ಹಣಕ್ಕೆ ಈ ಸ್ಕೀಮ್ ತಕ್ಕ ಜಾಗವಲ್ಲ.

ಆ ಹಣಕ್ಕೆ ಅಂಚೆ ಕಚೇರಿ ಇದೆ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂಪಾಯಿಯವರೆಗೆ ಇಡಬಹುದು. 2023ರ ಏಪ್ರಿಲ್‌ನಲ್ಲಿ ಶೇ. 8.2ಕ್ಕೆ ಏರಿದ ಬಡ್ಡಿ ದರ 2025ರ ಕೊನೆಯವರೆಗೂ ಬದಲಾಗದೆ ಉಳಿದಿತ್ತು. ಆ ದರದಲ್ಲಿ ಪೂರ್ತಿ 30 ಲಕ್ಷ ಇಟ್ಟವರಿಗೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬಡ್ಡಿ ಬರುತ್ತದೆ, ಮತ್ತು ಠೇವಣಿ ಇಟ್ಟ ದಿನದ ದರವೇ ಐದು ವರ್ಷ ನಡೆಯುತ್ತದೆ. ಗ್ರಾಚ್ಯುಟಿ, ಭವಿಷ್ಯನಿಧಿಯ ಹಣ ಕೈಗೆ ಬಂದ ಕೂಡಲೇ ಈ ಖಾತೆ ತೆರೆದವರು ಪೇಟೆ ಬಿದ್ದ ವರ್ಷ ಷೇರನ್ನು ಮುಟ್ಟದೆ ಇರಬಲ್ಲರು.

ಆಟೋ ಚಾಯ್ಸ್‌ನ ಇನ್ನೊಂದು ಮಿತಿ ಇಲ್ಲಿಯೇ ತೋರುತ್ತದೆ: ಅದಕ್ಕೆ ತನ್ನೊಳಗಿನ ಹಣ ಬಿಟ್ಟು ಬೇರೆ ಏನೂ ಕಾಣುವುದಿಲ್ಲ. ಒಬ್ಬರ ಒಟ್ಟು ಉಳಿತಾಯದ ನೂರು ರೂಪಾಯಿಯಲ್ಲಿ 60 ಭವಿಷ್ಯನಿಧಿಯಲ್ಲಿಯೂ 40 ಎನ್‌ಪಿಎಸ್‌ನಲ್ಲಿಯೂ ಇದೆ ಎನ್ನಿ. ಎಲ್‌ಸಿ50ರಲ್ಲಿ ಇರುವ ಅವರ ಒಟ್ಟು ಷೇರಿನ ಪಾಲು 55ರ ಬಳಿಕ ಕೇವಲ 4 ರೂಪಾಯಿ. ಇನ್ನೊಬ್ಬರದು 60 ರೂಪಾಯಿ ನೇರ ಷೇರುಗಳಲ್ಲಿ, 40 ಎನ್‌ಪಿಎಸ್‌ನಲ್ಲಿ. ಅದೇ ಎಲ್‌ಸಿ50 ಆರಿಸಿದ ಅವರ ಪಾಲು 64 ರೂಪಾಯಿ. ಇಬ್ಬರೂ ಮಧ್ಯಮ ಮಾದರಿಯಲ್ಲಿದ್ದೇವೆಂದು ನೆಮ್ಮದಿಯಾಗಿರುತ್ತಾರೆ; ಒಬ್ಬರು ಬೆಲೆ ಏರಿಕೆಗೆ, ಇನ್ನೊಬ್ಬರು ಪೇಟೆಯ ಕುಸಿತಕ್ಕೆ ಪೂರ್ತಿ ಒಡ್ಡಿಕೊಂಡಿರುತ್ತಾರೆ. ಆದ್ದರಿಂದ ಮೊದಲು ಒಂದು ಹಾಳೆಯ ಮೇಲೆ ಭವಿಷ್ಯನಿಧಿ, ಠೇವಣಿ, ಷೇರು, ಮ್ಯೂಚುವಲ್ ಫಂಡ್, ಎನ್‌ಪಿಎಸ್ ಎಲ್ಲವನ್ನೂ ಬರೆದು, ಒಟ್ಟು ಹಣದಲ್ಲಿ ಷೇರು ಎಷ್ಟಿದೆ ಎಂದು ಕೂಡಿಸಿ, ಆ ಬಳಿಕವೇ ಮಾದರಿಯನ್ನು ಆರಿಸಬೇಕು. ನಿವೃತ್ತಿಯ ದಿನ ಒಟ್ಟು ಹಣದ ಮೂರನೆಯ ಒಂದು ಭಾಗದಷ್ಟು ಷೇರಿನಲ್ಲಿರುವುದು ನನ್ನಂತಹ, ಬೇರೆ ಖಾತ್ರಿ ಪಿಂಚಣಿ ಇಲ್ಲದ, ಸ್ವಂತ ಮನೆಯುಳ್ಳ ಕುಟುಂಬಕ್ಕೆ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಸಾಲ ಬಾಕಿ ಇರುವವರು, ಮಕ್ಕಳ ಓದು ಮುಗಿಯದವರು ಇದಕ್ಕಿಂತ ಕಡಿಮೆ ಇಟ್ಟುಕೊಳ್ಳಬೇಕು.

ಮಾದರಿಗಳಲ್ಲಿ ಷೇರಿನ ಪಾಲು ತೀರ ಕಡಿಮೆಯಾಗುವ ಕೊರತೆಯನ್ನು ಎನ್‌ಪಿಎಸ್‌ನ ನಿಯಂತ್ರಕವಾದ ಪಿಂಚಣಿ ನಿಧಿ ಪ್ರಾಧಿಕಾರವೂ ಗುರುತಿಸಿದೆ ಎನ್ನಬಹುದು. 2024ರಲ್ಲಿ ಸೇರಿಸಿದ ‘ಬ್ಯಾಲೆನ್ಸ್ಡ್ ಲೈಫ್ ಸೈಕಲ್’ ಮಾದರಿಯಲ್ಲಿ ಷೇರಿನ ಪಾಲು 45ನೆಯ ವಯಸ್ಸಿನವರೆಗೆ ಶೇ. 50 ಇದ್ದು, ಅಲ್ಲಿಂದ ನಿಧಾನವಾಗಿ ಇಳಿದು 55ಕ್ಕೆ ಶೇ. 35ರಲ್ಲಿ ನಿಲ್ಲುತ್ತದೆ. ಭವಿಷ್ಯನಿಧಿ ದೊಡ್ಡದಿರುವ ಸಂಬಳದಾರರಿಗೆ ನಾನು ಶಿಫಾರಸು ಮಾಡುವುದು ಇದನ್ನೇ. ತಾವೇ ಪಾಲು ನಿರ್ಧರಿಸುವ ‘ಆ್ಯಕ್ಟಿವ್ ಚಾಯ್ಸ್’ನಲ್ಲಿ ಶೇ. 75ರವರೆಗೆ ಷೇರು ಇಡಬಹುದಾದರೂ, ಅಲ್ಲಿ ಹುಟ್ಟುಹಬ್ಬದ ದಿನದ ಶಿಸ್ತು ಇರುವುದಿಲ್ಲ. 2025ರ ಅಕ್ಟೋಬರ್‌ನಿಂದ ಸರ್ಕಾರೇತರ ಚಂದಾದಾರರಿಗೆ ಪೂರ್ತಿ ನೂರಕ್ಕೆ ನೂರು ಷೇರಿನಲ್ಲಿ ಇಡುವ ಸ್ಕೀಮ್‌ಗಳಿಗೂ ಅವಕಾಶ ಸಿಕ್ಕಿದೆ. ಮೂವತ್ತರ ಹರೆಯದವರಿಗೆ ಅದು ಒಳ್ಳೆಯದಿರಬಹುದು. ಐವತ್ತೈದು ದಾಟಿದವರು ಕಳೆದ ಕೆಲವು ವರ್ಷಗಳ ಗಳಿಕೆಯನ್ನು ನೋಡಿ ಅತ್ತ ಹಾರಬಾರದು.

ಹಣ ಹೊರತೆಗೆಯುವ ನಿಯಮಗಳು ಈಚೆಗೆ ಸಾಕಷ್ಟು ಸಡಿಲವಾಗಿವೆ. ಮೊದಲು ಅರವತ್ತಕ್ಕೆ ಒಟ್ಟು ಮೊತ್ತದ ಶೇ. 60ನ್ನು ಇಡುಗಂಟಾಗಿ ಪಡೆದು, ಉಳಿದ ಶೇ. 40ಕ್ಕೆ ವಿಮಾ ಕಂಪನಿಯಿಂದ ಆನ್ಯುಯಿಟಿ, ಅಂದರೆ ಜೀವನಪೂರ್ತಿ ಕಂತಿನಲ್ಲಿ ಬರುವ ಪಿಂಚಣಿ, ಕೊಳ್ಳುವುದು ಕಡ್ಡಾಯವಾಗಿತ್ತು. 2025ರ ಡಿಸೆಂಬರ್‌ನ ತಿದ್ದುಪಡಿಯಿಂದ ಸರ್ಕಾರೇತರ ಚಂದಾದಾರರಿಗೆ ಈ ಕಡ್ಡಾಯ ಭಾಗ ಶೇ. 20ಕ್ಕೆ ಇಳಿದಿದೆ, ಖಾತೆಯನ್ನು ಮುಂದುವರಿಸುವ ವಯಸ್ಸು 75ರಿಂದ 85ಕ್ಕೆ ಏರಿದೆ. ಆದರೆ ತೆರಿಗೆ ವಿನಾಯಿತಿಯನ್ನು ಕಾನೂನಿನಲ್ಲಿ ಬರೆದದ್ದು ಶೇ. 60ರ ಲೆಕ್ಕದಲ್ಲಿ, ಅದರ ಮೇಲಿನ ಭಾಗವನ್ನು ತೆಗೆಯುವವರು ಆ ವರ್ಷದ ನಿಯಮವನ್ನು ತೆರಿಗೆ ಸಲಹೆಗಾರರಲ್ಲಿ ಕೇಳಿಕೊಂಡೇ ಮುಂದುವರಿಯಬೇಕು. ಆನ್ಯುಯಿಟಿಯ ಬಗ್ಗೆ ನನಗೆ ಪೂರ್ತಿ ಅಸಮಾಧಾನವಿಲ್ಲ, ಬದುಕಿರುವವರೆಗೆ ನಿಲ್ಲದೆ ಬರುವ ಹಣಕ್ಕೆ ಅದರದೇ ಬೆಲೆ ಇದೆ. ಆದರೆ ಶೇ. 6ರ ದರ ಸಿಕ್ಕರೆ 20 ಲಕ್ಷಕ್ಕೆ ತಿಂಗಳಿಗೆ ಬರುವ 10 ಸಾವಿರ ರೂಪಾಯಿ ಇಪ್ಪತ್ತು ವರ್ಷದ ಬಳಿಕವೂ 10 ಸಾವಿರವೇ, ಅದಕ್ಕೂ ತೆರಿಗೆ ಇದೆ. ಕೊಳ್ಳುವಾಗ ಸಂಗಾತಿಯ ಜೀವಿತಾವಧಿಗೂ ಮುಂದುವರಿಯುವ ಬಗೆಯನ್ನೇ ಆರಿಸಿ.

ಸೇವೆಯ ಬಗ್ಗೆ ಒಂದೆರಡು ಮಾತು. ಜಾಲತಾಣದ ಮೂಲಕ ಮಾದರಿ ಬದಲಿಸುವುದು ಸುಲಭ. ಪ್ರಾನ್ ಎಂಬ ಎನ್‌ಪಿಎಸ್ ಖಾತೆ ಸಂಖ್ಯೆಯಿಂದ ಒಳಹೊಕ್ಕು, ಹೊಸ ಆಯ್ಕೆ ಗುರುತಿಸಿ, ಮೊಬೈಲಿಗೆ ಬರುವ ಒಟಿಪಿ ತುಂಬಿದರೆ ಕೆಲಸ ಮುಗಿಯುತ್ತದೆ. ಮನುಷ್ಯರ ಸಹಾಯ ಬೇಕಾದಾಗ ಮಾತ್ರ ತೊಡಕು. ನಾನು ವಿಚಾರಿಸಿದ ಬ್ಯಾಂಕ್ ಶಾಖೆಯೊಂದರಲ್ಲಿ ಎಲ್‌ಸಿ50ಕ್ಕೂ ಎಲ್‌ಸಿ75ಕ್ಕೂ ಇರುವ ವ್ಯತ್ಯಾಸವನ್ನು ಹೇಳಬಲ್ಲವರು ಯಾರೂ ಇರಲಿಲ್ಲ. ಬದಲಿಗೆ, ನಿವೃತ್ತಿಯ ಹಣ ಬಂದಾಗ ಕೊಳ್ಳಬಹುದಾದ, ವಿಮೆ ಮತ್ತು ಹೂಡಿಕೆ ಬೆರೆಸಿದ ಯುಲಿಪ್ ಪಾಲಿಸಿಯ ಕರಪತ್ರವನ್ನು ಕೈಗಿತ್ತರು. ದೊಡ್ಡ ಮೊತ್ತ ಕೈಗೆ ಬರುವ ತಿಂಗಳಲ್ಲಿ ಇಂತಹ ಆಹ್ವಾನಗಳು ಹೆಚ್ಚುತ್ತವೆ. ಸಲಹೆ ಬೇಕಿದ್ದವರು ಕಮಿಷನ್ ಪಡೆಯದ, ಶುಲ್ಕ ಮಾತ್ರ ಪಡೆಯುವ, ಷೇರು ಪೇಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿಸಿದ ಹೂಡಿಕೆ ಸಲಹೆಗಾರರ ಬಳಿ ಹೋಗುವುದು ಮೇಲು. ಆ ಶುಲ್ಕ ದುಬಾರಿ ಎನಿಸಿದರೂ, ತಪ್ಪು ಪಾಲಿಸಿಯ ಕಂತುಗಳ ಮುಂದೆ ಅದು ಸಣ್ಣದು.

ನಿವೃತ್ತಿಯ ನಂತರ ಇಡುಗಂಟನ್ನು ಒಂದೇ ಸಲ ತೆಗೆಯದೆ, ತಿಂಗಳಿಗೋ ಮೂರು ತಿಂಗಳಿಗೋ ನಿಗದಿತ ಮೊತ್ತದಂತೆ ಪಡೆಯುವ ಸೌಲಭ್ಯ 2023ರ ಅಕ್ಟೋಬರ್‌ನಿಂದ ಇದೆ, ಉಳಿದ ಹಣ ಒಳಗೇ ಬೆಳೆಯುತ್ತಿರುತ್ತದೆ. ಬ್ಯಾಲೆನ್ಸ್ಡ್ ಮಾದರಿಯಲ್ಲಿಯೇ ಮುಂದುವರಿದು, ಮೊದಲ ಕೆಲವು ವರ್ಷದ ಖರ್ಚನ್ನು ಅಂಚೆ ಕಚೇರಿಯ ಬಡ್ಡಿಯಿಂದ ನಡೆಸಿ, ಈ ಕಂತುಗಳನ್ನು ಅರವತ್ತಮೂರು ಅರವತ್ತನಾಲ್ಕರ ಹೊತ್ತಿಗೆ ಆರಂಭಿಸುವುದೆಂದು ನಾನು ನಿರ್ಧರಿಸಿದ್ದೇನೆ. ಅರವತ್ತಾದ ಮೇಲೆ ಖಾತೆಯನ್ನು ಮುಂದುವರಿಸುವ ಈ ತೀರ್ಮಾನ ಮಾಡುವವರು ಬ್ಯಾಂಕ್ ಖಾತೆ, ನಾಮನಿರ್ದೇಶನ, ಮೊಬೈಲ್ ಸಂಖ್ಯೆ ಮೂರನ್ನೂ ಸೇವೆಯಲ್ಲಿರುವಾಗಲೇ ಸರಿಪಡಿಸಿಕೊಳ್ಳಬೇಕು. ಕಂಪನಿಯ ಮಾನವ ಸಂಪನ್ಮೂಲ ವಿಭಾಗದ ಸಹಾಯ ಸಿಗುವುದು ಕೊನೆಯ ಕೆಲಸದ ದಿನದವರೆಗೆ ಮಾತ್ರ.